ಕಡೇ ಅಂಕಿ ತಿದ್ದುವ ಕೊಂಡಮ್ಮ

ಬೆಳಗಿನ ಆರು ಗಂಟೆ. ಗೌರಿಬಿದನೂರಿನ ಹುಡುಗಿಯರ ಹಾಸ್ಟೆಲ್ ಮೆಟ್ಟಿಲ ಮೇಲೆ ಕೊಂಡಮ್ಮ ಕೂತಿದ್ದಾರೆ. ಎದುರಿಗೆ ಪಿಯು ಹುಡುಗಿಯರ ಸಾಲು. ಅರ್ಧ ಜನ ಹಲ್ಲುಜ್ಜುತ್ತಲೇ ಬಂದಿದ್ದಾರೆ, ಎಲ್ಲರ ಕೈಯಲ್ಲೂ ಲಾಗ್ ಟೇಬಲ್ ಪುಸ್ತಕ. ಕೊಂಡಮ್ಮ ಅರವತ್ತಮೂರರ ಎದುರಿನ 7995 ಹುಡುಕಿ, ಕಡೇ ಐದನ್ನು ಹೊಡೆದು ಮೂರು ಬರೆಯುತ್ತಾರೆ. ಉಫ್ ಎಂದು ಊದಿ, "ಮುಂದಿನೋಳು ಬಾಮ್ಮ" ಎನ್ನುತ್ತಾರೆ.

ಐವತ್ನಾಲ್ಕರ ಈಕೆ ಇಲ್ಲಿನ ಸಣ್ಣ ಪ್ರೆಸ್ಸೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದಾರೆ. ಹಳೆಯ ಕೆಲಸಗಾರ ಎರ್ರಪ್ಪ ಮೂಲಪ್ರತಿಯನ್ನು ತೆಲುಗಿನಲ್ಲಿ ಓದುತ್ತಾರೆ: "ಏಡು, ತೊಮ್ಮಿದಿ, ತೊಮ್ಮಿದಿ, ಮೂಡು," ಅಂದರೆ 7993. ಈಕೆ ಕರಡಿನ ಮೇಲೆ ಸ್ಕೇಲು ಇಟ್ಟು ನೋಡುತ್ತಾರೆ. ದಿನಕ್ಕೆ ಎರಡು ಸಾವಿರ ಅಂಕಿ. ಅದಕ್ಕಿಂತ ಹೆಚ್ಚಾದರೆ ಕಣ್ಣು ಸುಳ್ಳು ಹೇಳುತ್ತದಂತೆ.

ಈ ಸಲ ಲಾಗ್ ಟೇಬಲ್ಲಿನ ಕರಡು ಬಂದಾಗ ಎರ್ರಪ್ಪನವರಿಗೆ ಜ್ವರ. ಕೊಂಡಮ್ಮ ಒಬ್ಬರೇ ಕೂತರು. "ಅರವತ್ತಕ್ಕೆ 7782, ಅರವತ್ತೊಂದಕ್ಕೆ 7853, ಅರವತ್ತೆರಡಕ್ಕೆ 7924. ಎಪ್ಪತ್ತೊಂದು, ಎಪ್ಪತ್ತೊಂದು ಏರ್ತಾ ಇತ್ತು ಕಣಪ್ಪ. ಮುಂದೆ 7993 ಅಂತ ಸರಿಯಾಗೇ ಇತ್ತು. ನಾನೇ ಮಹಾ ಬುದ್ಧಿವಂತೆ ಅನ್ನೋ ಹಾಗೆ ಇನ್ನೊಂದ್ ಎಪ್ಪತ್ತೊಂದು ಕೂಡಿ 7995 ಮಾಡ್ಬಿಟ್ಟೆ!"

ಒಂಬೈನೂರು ಪ್ರತಿ ಹೊರಟುಹೋದವು. ತಪ್ಪು ಹಿಡಿದವಳು ಇದೇ ಹಾಸ್ಟೆಲಿನ ತನುಜ. ಒಂಬತ್ತೇಳಲಿ ಅರವತ್ತಮೂರು, ಹಾಗಾಗಿ ಒಂಬತ್ತರ ಲಾಗಿಗೆ ಏಳರ ಲಾಗ್ ಕೂಡಿದರೆ ಕೊನೆಗೆ 7993 ಬರುತ್ತದೆ, ಪುಸ್ತಕ ಬೇರೆ ಹೇಳುತ್ತದೆ. ಅವಳು ಉಪನ್ಯಾಸಕ ಭಾನುಪ್ರಕಾಶ್ ಅವರಿಗೆ ತೋರಿಸಿದಳು, ಅವರು ಪ್ರೆಸ್ಸಿಗೆ ಫೋನ್ ಮಾಡಿದರು. ಮಾಲೀಕರದು ಒಂದೇ ಮಾತು: "ಕಡೇ ಅಂಕಿ ತಾನೆ, ಯಾರು ನೋಡ್ತಾರೆ? ತಿದ್ದುಪಡಿ ಚೀಟಿ ಹಂಚಿ ಸಾಕು." ಇದನ್ನು ಬರೆಯಲು ಬಂದ ನನಗೂ ಕೇಳಿದಾಗ ಹಾಗೇ ಅನ್ನಿಸಿತ್ತು, ಹೇಳಿಕೊಳ್ಳಲು ನಾಚಿಕೆ.

"ಚೀಟಿ ಉದುರೋಗುತ್ತೆ. ಪರೀಕ್ಷೇಲಿ ಮಗೂನ ಉತ್ತರ ತಪ್ಪಾದ್ರೆ ತನ್ನದೇ ತಪ್ಪು ಅನ್ಕೊಳ್ಳುತ್ತೆ. ನಂದು ಅಂತ ಅದಕ್ಕೆ ಹೇಳೋರ್ಯಾರು?" ಎನ್ನುತ್ತಾರೆ ಕೊಂಡಮ್ಮ. ರಜೆ ಹಾಕಿ ಹೊರಟೇಬಿಟ್ಟರು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮುಗಿದಿವೆ. ತಿದ್ದಿದ್ದು 611, ಉಳಿದದ್ದು 289, ಅದರಲ್ಲಿ ಹೆಚ್ಚಿನವು ಚಿಂತಾಮಣಿಯಲ್ಲಿ. ಪರೀಕ್ಷೆಗೆ ಒಂಬತ್ತೇ ದಿನ.

ಭಾನುಪ್ರಕಾಶ್ ಈಕೆಗೊಂದು ಸಂಗತಿ ಹೇಳಿದ್ದಾರೆ. ಒಂದು, ಹತ್ತು, ನೂರು, ಸಾವಿರದಂಥವನ್ನು ಬಿಟ್ಟರೆ ಯಾವ ಪೂರ್ಣಸಂಖ್ಯೆಯ ಲಾಗ್ ತೆಗೆದರೂ ದಶಮಾಂಶ ಮುಗಿಯುವುದಿಲ್ಲ, ಒಂದೇ ಗುಂಪು ಮರಳಿ ಮರಳಿ ಬರುವುದೂ ಇಲ್ಲ. ಪೂರ್ಣಾಂಕಗಳನ್ನಿಟ್ಟು ಬರೆದ ಯಾವ ಬೀಜಗಣಿತ ಸಮೀಕರಣಕ್ಕೂ ಅದು ಉತ್ತರವಾಗದು. ಗಣಿತದವರು ಇಂಥವನ್ನು ಟ್ರಾನ್ಸೆಂಡೆಂಟಲ್ ಸಂಖ್ಯೆ ಎನ್ನುತ್ತಾರೆ. "ಅಂಥದಕ್ಕೆ ನಾನು ಎಪ್ಪತ್ತೊಂದರ ಲೆಕ್ಕ ಹಾಕಕ್ಕೆ ಹೋಗಿದ್ದೆ, ನೋಡಿ ನನ್ನ ಧೈರ್ಯಾನ!" ಕೊಂಡಮ್ಮ ನಗುತ್ತಾರೆ.

ಸಾಲಿನ ಕೊನೆಗೆ ತನುಜ ಬರುತ್ತಾಳೆ. "ನಂದು ಬೇಡ ಆಂಟಿ, ನಂಗೊತ್ತಲ್ಲ" ಎಂದರೂ ಕೊಂಡಮ್ಮ ಪುಸ್ತಕ ಕಸಿದುಕೊಂಡು ಮೂರು ಬರೆಯುತ್ತಾರೆ.

"ನಿನ್ ತಂಗಿಗೂ ಇದೇ ಪುಸ್ತಕ ಬರುತ್ತೆ ಕಣಮ್ಮ. ಮುಗೀದೇ ಇರೋ ಸಂಖ್ಯೇಲಿ ನಮ್ಮ ಕೈಗೆ ಸಿಕ್ಕಿರೋದು ನಾಲ್ಕೇ ಅಂಕಿ. ಆ ನಾಲ್ಕಾದ್ರೂ ನೆಟ್ಟಗಿರಬೇಡ್ವಾ?"