ಸ್ವಿಚ್ಚಿನ ಪಕ್ಕದ ಸ್ಟೂಲು

ಅತ್ತಿಗೆಗೆಂದು ಒಯ್ದ ಟೀ ಫ್ಲಾಸ್ಕಿನ ಮುಚ್ಚಳವನ್ನು ಸರಿಯಾಗಿ ತಿರುಗಿಸದೆ ಕಂಕುಳಲ್ಲಿ ಇರುಕಿಕೊಂಡದ್ದು ಮೈದುನನ ತಪ್ಪು. ಬಿಸಿ ಟೀ ತೊಡೆಗಿಳಿದಾಗ "ಅಯ್ಯೋ!" ಎಂದು ಕಿರುಚಿದ್ದು ಅದಕ್ಕಿಂತ ದೊಡ್ಡ ತಪ್ಪು. ಸ್ಟೀಲ್ ತಟ್ಟೆ ಒತ್ತುವ ಶೆಡ್ಡಿನ ಪ್ರೆಸ್ಸುಗಳೆಲ್ಲ ಉಸಿರು ಕಟ್ಟಿದ ಹಾಗೆ ನಿಂತುಬಿಟ್ಟವು.

ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಅತ್ತಿಗೆ ಕೇಳಿದಳು: "ಯಾರ ಕೈ?"

"ಕೈಯಲ್ಲ ಅತ್ತಿಗೆ... ಪ್ಯಾಂಟು."

"ಪ್ಯಾಂಟಿಗೆ ಯಾರಾದ್ರೂ ಅಯ್ಯೋ ಅಂತಾರಾ?" ಎದ್ದು ಬಂದು ಕೆನ್ನೆಗೆ ಬಾರಿಸಿದಳು. ಐವತ್ತರ ಹತ್ತಿರದ ಗಂಡಸಿಗೆ, ಅಷ್ಟು ಜನರೆದುರು! ಕನ್ನಡಕ ಹಾರಿ ಎಣ್ಣೆ ಡಬ್ಬಿಗೆ ಬಿತ್ತು.

ಅಯ್ಯೋ ಅಂದರೆ ಮೂಲದಲ್ಲಿ ಅಯ್ಯನನ್ನು, ಅಂದರೆ ಅಪ್ಪನನ್ನು ಕರೆಯುವ ಕೂಗಂತೆ: ಓಡಿ ಬಾ, ಉಳಿಸು ಅಂತ. ಅದನ್ನು ನಾವು ಬಸ್ಸು ತಪ್ಪಿದ್ದಕ್ಕೂ ಗುಂಡಿ ಕಿತ್ತುಹೋದದ್ದಕ್ಕೂ ಬಳಸಿ ಸವೆಸಿಬಿಟ್ಟಿದ್ದೇವೆ. ಅತ್ತಿಗೆಯ ಗಂಡ ಇದರಲ್ಲಿ ಎತ್ತಿದ ಕೈ. ಇದೇ ಶೆಡ್ಡಿನಲ್ಲಿ ಸ್ಕ್ರೂ ಬಿದ್ದರೂ ಅಯ್ಯೋ, ಸೀನು ಬಂದು ನಿಂತರೂ ಅಯ್ಯೋ. ಹಾಗಾಗಿ ಒಂದು ದಿನ ಅಂಗಿಯ ತೋಳು ಸಿಕ್ಕಿ ಪ್ರೆಸ್ಸು ಅವನ ಅಂಗೈ ಮೇಲೆ ಇಳಿದಾಗ, ಪಕ್ಕದಲ್ಲೇ ತಟ್ಟೆಯ ಅಂಚು ಉಜ್ಜುತ್ತಿದ್ದ ಅತ್ತಿಗೆ ತಿರುಗಿಯೂ ನೋಡದೆ "ಶುರುವಾಯ್ತು ಇವರದ್ದು" ಎಂದಳು. ಪ್ರೆಸ್ಸು ಇನ್ನೊಮ್ಮೆ ಇಳಿಯಿತು. ಮತ್ತೊಮ್ಮೆ. ಮುಖಕ್ಕೆ ರಕ್ತ ಸಿಡಿದಾಗ ತಿರುಗಿದಳು. ಬೆರಳುಗಳು ತಟ್ಟೆಗೇ ಅಚ್ಚಾಗಿದ್ದವು.

ಅಂದಿನಿಂದ ಸ್ವಿಚ್ಚಿನ ಪಕ್ಕದ ಸ್ಟೂಲು ಅವಳದು. ಕಟ್ಟಳೆಯೂ ಅವಳದೇ: ಮಾಂಸ ಸಿಕ್ಕಿಕೊಂಡರೆ ಹೊರತು ಆ ಮಾತು ಯಾರೂ ಆಡಕೂಡದು, ಕೇಳಿದ ಕೂಡಲೇ ಕರೆಂಟು ತೆಗೆಯುವುದು, ನೋಡುವುದು ಆಮೇಲೆ.

ಅತ್ತಿಗೆ ಸ್ಟೂಲಿಗೆ ಮರಳಿ ಪ್ರೆಸ್ಸುಗಳನ್ನು ಮತ್ತೆ ಶುರುಮಾಡಿದ್ದೇ ಮೇಸ್ತ್ರಿ ಉರಿದುಕೊಂಡು ಬಂದ. "ಯಾವನದೋ ಪ್ಯಾಂಟು ಒದ್ದೆಯಾಯ್ತು ಅಂತ ಅಷ್ಟೂ ತಟ್ಟೆ ಹಾಳು! ಇನ್ಮೇಲೆ ಮೊದಲು ನೋಡು, ಆಮೇಲೆ ಆರಿಸು," ಎಂದು ಅವಳ ಎರಡೂ ಮಣಿಕಟ್ಟು ಹಿಡಿದು ಸ್ವಿಚ್ಚಿನಿಂದ ಈಚೆಗೆಳೆದ.

ಆಗಲೇ ಮೂಲೆಯ ಪ್ರೆಸ್ಸಿನಿಂದ ಹೆಣ್ಣು ದನಿ: "ಅಯ್ಯೋ!"

"ಮೊದ್ಲು ನೋಡು ಅಂದ್ನಲ್ಲ!" ಮೇಸ್ತ್ರಿ ಹಿಡಿತ ಬಿಡಲಿಲ್ಲ.

ಅತ್ತಿಗೆ ಅವನ ಮುಂಗೈಗೆ ಹಲ್ಲಿಳಿಸಿದಳು. ಚರ್ಮ ಕಿತ್ತು ಬಂತು. ಅದನ್ನು ಉಗಿದು, ಸ್ವಿಚ್ಚು ಎಳೆದಳು.

ಪ್ರೆಸ್ಸು ಆ ಹೆಂಗಸಿನ ಎರಡು ಉಗುರು ತಿಂದು, ಬೆರಳಿನ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತ್ತು. ಕೈ ಉಳಿಯಿತು. ಮೇಸ್ತ್ರಿ ರಕ್ತ ಸುರಿಯುವ ಮುಂಗೈ ಹಿಡಿದುಕೊಂಡು ನೆಲಕ್ಕೆ ಕುಸಿದಿದ್ದ. ಬಾಯಿ ತೆರೆದೇ ಇತ್ತು, ಆದರೆ ಆ ಮಾತು ಆಡುವ ಧೈರ್ಯವಿರಲಿಲ್ಲ.

ಸಂಜೆ ಮನೆಯ ದಾರಿಯಲ್ಲಿ ಮೈದುನ ಕೆನ್ನೆ ಸವರಿಕೊಳ್ಳುತ್ತ ಮೆಲ್ಲಗೆ ಕೇಳಿದ: "ಅಲ್ಲ ಅತ್ತಿಗೆ, ಮನೇಲಿ ಹಾಲು ಉಕ್ಕಿದ್ರೆ ಏನಂತೀರಿ?"

"ಹಾಲು ಉಕ್ತು ಅಂತೀನಿ."