ದನದ ಡಾಕ್ಟರೆನಿಸಿದ ನನ್ನ ತಂಗಿ

ನನ್ನ ತಂಗಿ ಗೊನೊರಿಯಾ ಎಂಬ ಲೈಂಗಿಕ ರೋಗಕ್ಕೆ ಲಸಿಕೆ ಹುಡುಕುವ ತಂಡದಲ್ಲಿದ್ದಳು. ನಮ್ಮೂರು ವಾಮದಪದವಿನ ನೆರೆಕರೆಯವರಿಗೆ ಅದು ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಅಮ್ಮ, "ಅವಳದ್ದು ದನದ ಕೆಚ್ಚಲು ಬಾವಿನ ಸಂಶೋಧನೆ" ಎಂದು ಹೇಳಿಬಿಟ್ಟಿದ್ದಳು.

ಆಮೇಲೆ ತಂಗಿಗೆ ರಜೆಯೆಂಬುದು ಇಲ್ಲವಾಯಿತು. ಅವಳು ಊರಿಗೆ ಬಂದಳೆಂದರೆ ಅಂಗಳದಲ್ಲಿ ಯಾರದಾದರೂ ಹಸು ನಿಂತಿರುತ್ತಿತ್ತು. ಹಾಲಿನ ಸೊಸೈಟಿಯ ಅಧ್ಯಕ್ಷರು ತಮ್ಮ ಜರ್ಸಿ ದನವನ್ನು ಪಿಕಪ್ಪಿನಲ್ಲೇ ತಂದರು. ತಂಗಿ ಕೆಚ್ಚಲು ಮುಟ್ಟಿ ನೋಡಿ, ಗಂಭೀರವಾಗಿ, "ಪಶುವೈದ್ಯರಿಗೆ ತೋರಿಸಿ" ಎಂದಳು.

"ಇಷ್ಟು ಕಲಿತರೂ ಅಹಂಕಾರ ಇಲ್ಲ ನೋಡಿ" ಎಂದು ಅವರು ಹೊಗಳುತ್ತಾ ಹೋದರು.

ನಾನು ಮೂಡುಬಿದಿರೆಯಲ್ಲಿ ಬಟ್ಟೆ ಹೊಲಿಯುವವಳು, ಓದಿದ್ದು ಹತ್ತನೆಯವರೆಗೆ. ನನಗೆ ಮಾತ್ರ ಅವಳು ಬಿಡಿಸಿ ಹೇಳುತ್ತಿದ್ದಳು.

"ಆ ರೋಗಾಣು ಆಗಾಗ ಅಂಗಿ ಬದಲಿಸ್ತದೆ ಅಕ್ಕ. ರಕ್ತದ ಪ್ರತಿಕಾಯಗಳು ಹಳೇ ಅಂಗಿಯವನನ್ನೇ ಹುಡುಕ್ತಾ ಇರ್ತವೆ. ಹಾಗಾಗಿ ಒಮ್ಮೆ ಬಂದವರಿಗೂ ಪುನಃ ಬರ್ತದೆ. ಅದರ ಮೈಮೇಲೆ ಬದಲಾಗದ ಜಾಗ ಯಾವುದು, ಪ್ರತಿಕಾಯ ಅದನ್ನು ಹಿಡೀತದಾ ಅಂತ ನಾನು ನೋಡುವುದು. ಸಿಕ್ಕಿದರೆ ಲಸಿಕೆಗೆ ದಾರಿ."

ಕಳೆದ ಮಳೆಗಾಲದಲ್ಲಿ ಅವಳು ಹೃದಯಾಘಾತದಿಂದ ತೀರಿಕೊಂಡಳು. ಉತ್ತರಕ್ರಿಯೆಯ ದಿನ, ಊಟಕ್ಕೆ ಮೊದಲು ನುಡಿನಮನ. ಅಧ್ಯಕ್ಷರು ಮೈಕ್ ಹಿಡಿದು, ತಾಲೂಕಿನ ದನಗಳೆಲ್ಲ ಅನಾಥವಾದವು ಎಂದರು. ಸುದ್ದಿ ತಿಳಿದ ಅವರ ಜರ್ಸಿ ಎರಡು ದಿನ ಹಿಂಡಿ ಮುಟ್ಟಿರಲಿಲ್ಲವಂತೆ. ನನಗೆ ನಗು ಬಂತು. ಮರುಕ್ಷಣ, ಅವಳು ಇಷ್ಟು ವರ್ಷ ದುಡಿದದ್ದು ಯಾರಿಗೂ ತಿಳಿಯದೆ ಹೋಗುತ್ತದಲ್ಲ ಅನಿಸಿತು. ಎದ್ದೆ. ಅಮ್ಮ ನನ್ನ ಸೆರಗು ಜಗ್ಗಿದಳು.

"ಸುಮ್ಮನೆ ಕೂತ್ಕೋ ಮಾರಾಯ್ತಿ."

ಕೂರಲಿಲ್ಲ. ಅಧ್ಯಕ್ಷರ ಕೈಯಿಂದ ಮೈಕ್ ಇಸಿದುಕೊಂಡು, "ನನ್ನ ತಂಗಿ ದನದ ಡಾಕ್ಟರಲ್ಲ. ಗೊನೊರಿಯಾಕ್ಕೆ ಲಸಿಕೆ ಹುಡುಕ್ತಾ ಇದ್ದಳು" ಎಂದೆ.

"ಅದೆಂಥದು?" ಹಿಂದಿನಿಂದ ಒಬ್ಬರು ಅಜ್ಜಿ ಕೇಳಿದರು.

"ಗಂಡು ಹೆಣ್ಣು ಕೂಡಿದರೆ ಹರಡುವ ಕಾಯಿಲೆ ಅಜ್ಜಿ."

ಮೈಕ್ ಬಹಳ ಒಳ್ಳೆಯದಿತ್ತು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು.

ಅಧ್ಯಕ್ಷರು, "ಹಾಗಾದರೆ ನನ್ನ ದನಕ್ಕೆ ಅವರು ಹೇಳಿದ್ದು?" ಎಂದರು.

"ಪಶುವೈದ್ಯರಿಗೆ ತೋರಿಸಿ ಅಂತ ಅಲ್ವಾ? ಅದು ಸರಿಯೇ ಉಂಟು."

ಊಟಕ್ಕೆ ಅಮ್ಮ ನನ್ನ ಪಕ್ಕದ ಎಲೆ ಬಿಟ್ಟು ಅದರಾಚೆ ಕೂತಳು. ಪಾಯಸ ಬರುವಾಗ ಪಕ್ಕದ ಮನೆಯ ಅತ್ತೆ ಅವಳತ್ತ ಬಗ್ಗಿ, "ಹೌದಾ, ಆ ರೋಗವಾ?" ಎಂದು ಪಿಸುಗುಟ್ಟಿದರು.

ಅಮ್ಮ ಎಲೆಯಿಂದ ಕೈ ಎತ್ತಿದಳು.

"ಹೌದು, ಅದೇ. ಈಗೀಗ ಮದ್ದೂ ನಾಟುವುದಿಲ್ಲವಂತೆ ಅದಕ್ಕೆ. ಲಸಿಕೆ ಹುಡುಕುವ ಕೆಲಸ ಯಾರಾದರೂ ಮಾಡಬೇಕಲ್ಲ? ನನ್ನ ಮಗಳು ಮಾಡಿದಳು."