ಖಾತೂನಮ್ಮನ ಮನೆಯಲ್ಲಿ ಒಂದೂವರೆ ವರ್ಷ

ಹರಿಹರದ ನಮ್ಮ ಓಣಿಯವರೆಲ್ಲ ಹೊಳೆಯ ನೀರನ್ನೇ ಕೊಡದಲ್ಲಿ ಹೊತ್ತು ತಂದು ಕುಡಿಯುತ್ತಿದ್ದ ಕಾಲ ಅದು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಒಂಬತ್ತು, ತಂಗಿ ಗಂಗೆಗೆ ಇನ್ನೂ ಎರಡು ತುಂಬಿರಲಿಲ್ಲ. ಕುಡಿದು ಬಂದು ದಿನವೂ ಹೊಡೆಯುತ್ತಿದ್ದ ಅಪ್ಪನಿಗೆ ಅವ್ವ ಒಂದು ದಿನ ಒನಕೆಯಿಂದ ತಿರುಗಿ ಹೊಡೆದಳು. ಅಪ್ಪ ಸಾಯಲಿಲ್ಲ, ಒಂದು ಕಣ್ಣು ಹೋಯಿತು. ಅವ್ವನಿಗೆ ಒಂದೂವರೆ ವರ್ಷ ಜೈಲಾಯಿತು. ಮಾಯಕೊಂಡದ ಅಣ್ಣನ ಮನೆ ಸೇರಿಕೊಂಡ ಅಪ್ಪ, "ಅವಳ ಹೊಟ್ಟ್ಯಾಗ ಹುಟ್ಟಿದವು ನನಗೆ ಬ್ಯಾಡ" ಎಂದು ಹೇಳಿ ಕಳಿಸಿದ.

ನಮ್ಮನ್ನು ಇಟ್ಟುಕೊಂಡವಳು ಪಕ್ಕದ ಮನೆಯ ಖಾತೂನಮ್ಮ. ಅವಳ ಗಂಡ ರಸೂಲ್ ಸಾಬರು ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ತವರದ ಕಲಾಯಿ ಹಾಕುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ಹೋಗಿದ್ದರು.

ಓಣಿಯ ಹಿರಿಯರು ಬಂದು, "ನಮ್ಮ ಜನದ ಮಕ್ಕಳನ್ನ ನೀನು ಹೆಂಗೆ ಇಟ್ಕಂತೀಯಮ್ಮ?" ಎಂದರು.

"ನೀವೇ ಕರಕೊಂಡು ಹೋಗ್ರಿ. ನಾ ಬ್ಯಾಡ ಅಂತೀನೇನು?" ಎಂದಳು ಖಾತೂನಮ್ಮ.

ಯಾರೂ ಕರೆದೊಯ್ಯಲಿಲ್ಲ.

ಆ ಮನೆಯಲ್ಲಿ ಕಲಾಯಿಯ ಹೊಗೆ ಸದಾ ಕಣ್ಣು ಉರಿಸುತ್ತಿತ್ತು. ನಾನು ಮೊದಲು ಅಲ್ಲಿ ಉಣ್ಣಲಿಲ್ಲ. ಖಾತೂನಮ್ಮ ಹೊಸ ಮಡಿಕೆ ತಂದು ಮುಂದಿಟ್ಟು, "ನೀನೇ ಅನ್ನ ಮಾಡ್ಕ. ನಾ ಮುಟ್ಟಂಗಿಲ್ಲ" ಎಂದಳು. ಎರಡು ದಿನ ಸೀದ ಅನ್ನ ತಿಂದೆ. ಮೂರನೆಯ ದಿನ ಅವಳು ಸುಡುತ್ತಿದ್ದ ಜೋಳದ ರೊಟ್ಟಿಯ ವಾಸನೆಗೆ ಸೋತು ಒಲೆಯ ಮುಂದೆ ಹೋಗಿ ಕೂತೆ. ಖಾತೂನಮ್ಮ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ, ಎಣ್ಣೆ ಹಾಕಿ ಕೊಟ್ಟಳು.

ಗಂಗೆಯಂತೂ ಅವಳ ಸೊಂಟದಿಂದ ಇಳಿಯುತ್ತಿರಲಿಲ್ಲ. ನಾನು ಜಗಲಿಯಲ್ಲಿ ಹುಣಸೆಬೀಜ ಹರಡಿಕೊಂಡು ಆಡುವಾಗ ಅವಳ ಸೆರಗು ಹಿಡಿದು ಮಲಗಿರುತ್ತಿತ್ತು. ಬರಬರುತ್ತಾ ಅವಳನ್ನೇ "ಅಮ್ಮಿ" ಎನ್ನತೊಡಗಿತು. "ನಾ ಅಮ್ಮಿ ಅಲ್ಲವ್ವ. ನಿಮ್ಮವ್ವ ಊರಿಗೆ ಹೋಗ್ಯಾಳೆ, ಬರ್ತಾಳೆ" ಎಂದು ಖಾತೂನಮ್ಮ ತಿದ್ದುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ತಿದ್ದುವುದನ್ನು ಬಿಟ್ಟಳು.

ಒಮ್ಮೆ ರೈಲು ಹತ್ತಿಸಿ ನಮ್ಮನ್ನು ಜೈಲಿಗೆ ಕರೆದೊಯ್ದಳು. ಕಂಬಿಯ ಆಚೆಯಿಂದ ಅವ್ವ ಕೈ ಚಾಚಿದಳು. ಗಂಗೆ ಚೀರಿ ಖಾತೂನಮ್ಮನ ಕುತ್ತಿಗೆಯನ್ನು ಬಿಗಿದಪ್ಪಿತು.

"ಇನ್ನ ಕರಕೊಂಡು ಬರಬ್ಯಾಡಕ್ಕ" ಎಂದು ಅವ್ವ ಮುಖ ತಿರುಗಿಸಿದಳು.

ಬಿಡುಗಡೆಯಾಗಿ ಬಂದ ಅವ್ವ ಹರಿಹರದಲ್ಲಿ ಎರಡು ದಿನವೂ ನಿಲ್ಲಲಿಲ್ಲ. ಖಾತೂನಮ್ಮನ ಕಾಲು ಮುಟ್ಟಿ, ನಮ್ಮಿಬ್ಬರನ್ನೂ ಕರೆದುಕೊಂಡು ದಾವಣಗೆರೆಗೆ ಬಂದು ಹತ್ತಿ ಮಿಲ್ಲಿನ ಕೆಲಸಕ್ಕೆ ಸೇರಿದಳು. ಗಂಗೆ "ಅಮ್ಮಿ ಬೇಕು" ಎಂದು ಹಟ ಹಿಡಿಯುತ್ತಿತ್ತು. ಮೊದಮೊದಲು ಅವ್ವ ಮಂಡಕ್ಕಿ ಕೊಟ್ಟು ಸುಮ್ಮನಾಗಿಸಿದಳು. ಆಮೇಲೆ ಹೊಡೆದಳು. ಹೊಡೆದು, ತಾನೂ ಹಿತ್ತಲಲ್ಲಿ ಕೂತು ಅತ್ತಳು.

ಒಂದು ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು.

"ಹಾಲಮ್ಮ, ನಾನು ಖಾತೂನು."

ಅವ್ವ ಗಂಗೆಯ ಬಾಯಿ ಮುಚ್ಚಿ ಗೋಡೆಗೆ ಒರಗಿ ಕೂತಳು. ನನ್ನ ಕಡೆ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದಳು.

"ಮಕ್ಕಳನ್ನ ಕೇಳಾಕ ಬಂದಿಲ್ಲ ತಂಗಿ. ಒಂದ್ಸಲ ಕಣ್ಣಿಂದ ನೋಡಿ ಹೋಗ್ತೀನಿ."

ನನ್ನ ಬಾಯಿಯನ್ನು ಯಾರೂ ಮುಚ್ಚಿರಲಿಲ್ಲ. ಆದರೂ ನಾನು ಕೂಗಲಿಲ್ಲ. ಬಹಳ ಹೊತ್ತಿನ ಮೇಲೆ ಚಪ್ಪಲಿಯ ಸಪ್ಪಳ ದೂರವಾಯಿತು. ಅವಳು ಮತ್ತೆ ಬರಲಿಲ್ಲ.

ಅವ್ವ ತೀರಿಕೊಂಡ ಮೇಲೆ ಹರಿಹರಕ್ಕೆ ಹೋಗಿ ಹುಡುಕಿದೆ. ಸ್ಟೀಲಿನ ಪಾತ್ರೆ ಬಂದು ಕಲಾಯಿಯ ಕಸುಬೇ ಹೋಗಿತ್ತು. ಆ ಸಂಸಾರ ಎತ್ತ ಹೋಯಿತೆಂದು ಹೇಳುವವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಕೈಬಿಟ್ಟು ಹೋದ ಮಗುವನ್ನು ಮರಳಿ ತನ್ನದಾಗಿಸಿಕೊಳ್ಳಲು ಅವಳಿಗೆ ಬೇರೆ ದಾರಿ ತಿಳಿದಿರಲಿಲ್ಲ.

ಹೋದ ವರ್ಷ ಗಂಗೆಗೆ ಇದನ್ನೆಲ್ಲ ಹೇಳಿದೆ. ಬೇರೆ ಯಾರದೋ ಮಗುವಿನ ಕಥೆಯೆಂಬಂತೆ ಕೇಳಿದಳು.

"ನನಗೇನೂ ನೆನಪಿಲ್ಲಕ್ಕ. ನೋಡಾಕ ಹೆಂಗಿದ್ಲು ಆಕಿ?"

ಹೇಳಲು ಬಾಯಿ ತೆರೆದೆ. ಎಷ್ಟು ಹೊತ್ತು ಕೂತು ನೆನೆದರೂ ಖಾತೂನಮ್ಮನ ಮುಖ ನನ್ನ ಕಣ್ಣ ಮುಂದೆ ಬರಲಿಲ್ಲ.